ಒಂದೇ ಕ್ರೀಡಾ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಇಷ್ಟೊಂದು ಬೇರೆ ಬೇರೆ ಬೆಲೆ ಏಕೆ?

ಆಟಗಾರರ ಚಿತ್ರ ಮುದ್ರಿಸಿದ, ಜನ ಸಂಗ್ರಹಕ್ಕೆಂದು ಕೊಳ್ಳುವ ಕಾರ್ಡ್ ಇದು. ಕಾರ್ಡ್ ಒಂದೇ, ಆದರೆ ಪ್ರತಿಗಳ ಸ್ಥಿತಿ ಬೇರೆ ಬೇರೆ. ಬೆಲೆ ಏರಿಳಿಯುವುದು ಬಹುಪಾಲು ಅದರಿಂದಲೇ. ಆನ್‌ಲೈನ್‌ನಲ್ಲಿ ಕೊಳ್ಳುವವರು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಲಾರರು. ಆದ್ದರಿಂದ ಪಿಎಸ್‌ಎಯಂತಹ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈಯನ್ನು ಪರೀಕ್ಷಿಸಿ, ಚಿತ್ರ ನಟ್ಟನಡುವೆ ಕೂತಿದೆಯೇ ಎಂದು ನೋಡಿ, 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುತ್ತವೆ. ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಟಾಪ್ಸ್ ಕಂಪನಿಯ ಕಾರ್ಡನ್ನೇ ನೋಡಿ: 9 ಅಂಕದ ಪ್ರತಿ 2021ರಲ್ಲಿ 52 ಲಕ್ಷ ಡಾಲರ್‌ಗೆ ಹೋಯಿತು, ಮರುವರ್ಷ 9.5 ಅಂಕದ್ದು 1.26 ಕೋಟಿ ಡಾಲರ್‌ಗೆ! ಅಂಕವಿಲ್ಲದ ಕಾರ್ಡ್‌ಗಳ ಫೋಟೊವನ್ನು ನಾನಂತೂ ಸುಲಭಕ್ಕೆ ನಂಬುವುದಿಲ್ಲ. ಬೆಳಕು ನೇರವಾಗಿ ಬಿದ್ದರೆ ಸಣ್ಣ ಗೀರು ಮಾಯವಾಗಿಬಿಡುತ್ತದೆ. ಕಾರ್ಡನ್ನು ಓರೆಯಾಗಿ ಹಿಡಿದು ತೆಗೆದ ಇನ್ನೊಂದು ಫೋಟೊ ಕೇಳಿ.