ಟ್ಯಾಂಕಿನೊಳಗೆ ಕಬ್ಬಿನ ಹಾಲು: ಎಥೆನಾಲ್ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ, ಬಂಕಲ್ಲಿ ಹಾಕ್ತಿರೋ ಇ20 ಪೆಟ್ರೋಲು. ಅಂದ್ರೆ 100 ಲೀಟರಲ್ಲಿ 20 ಲೀಟರ್ ಎಥೆನಾಲ್, ಕಬ್ಬು, ಧಾನ್ಯದಿಂದ ಮಾಡೋ ಆಲ್ಕೋಹಾಲ್. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ನಂದು 2014ರ ಪೆಟ್ರೋಲ್ ಕಾರು. ಸಿಟಿಲಿ 16 ಕೊಡ್ತಿತ್ತು, ಈಗ 13 ದಾಟ್ತಿಲ್ಲ. ಫ್ರೆಂಡ್ಸೆಲ್ಲ ಎಥೆನಾಲ್ ಕಾಟ ಅಂತಾರೆ, ಸರ್ಕಾರ ನೋಡಿದ್ರೆ ಏನೂ ಆಗಲ್ಲ ಅನ್ನುತ್ತೆ. ಯಾರನ್ನ ನಂಬ್ಲಿ? (ಓದುಗರು, ಬೆಂಗಳೂರು)

ಉತ್ತರ: ಇಬ್ರನ್ನೂ ಅರ್ಧರ್ಧ ನಂಬಿ. ಒಂದು ಲೀಟರ್ ಎಥೆನಾಲ್ ಸುಟ್ರೆ ಬರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಟ್ಯಾಂಕಲ್ಲಿ ಅದು ಐದನೇ ಒಂದು ಭಾಗ ಇದೆ, ಅಲ್ಲಿಗೆ ಒಟ್ಟು ಶೇ 6-7ರಷ್ಟು ಶಕ್ತಿ ಖೋತಾ. ಇದು ಯಾರೋ ವಾಟ್ಸಾಪಲ್ಲಿ ಬಿಟ್ಟಿದ್ದಲ್ಲ, ನೀತಿ ಆಯೋಗದ 2021ರ ವರದಿಲೇ ಇದೆ: ಇ10ಗೆ ಟ್ಯೂನ್ ಆಗಿರೋ ಹಳೇ ಕಾರುಗಳ ಮೈಲೇಜ್ ಶೇ 6ರಿಂದ 7, ಟೂವೀಲರ್‌ಗಳದ್ದು 3ರಿಂದ 4, ಇ20ಗೇ ಟ್ಯೂನ್ ಮಾಡಿರೋ ಕಾರುಗಳದ್ದು 1ರಿಂದ 2 ಕಮ್ಮಿ ಆಗುತ್ತೆ ಅಂತ. ಈ ಲೆಕ್ಕದಲ್ಲಿ ನಿಮ್ 16 ಇಳಿದ್ರೆ 15ಕ್ಕೆ ಬಂದು ನಿಲ್ಬೇಕು. ಅದೂ ಏನು, 2022ರ ಜೂನ್ ಹೊತ್ತಿಗೇ ದೇಶದಲ್ಲಿ ಸರಾಸರಿ ಶೇ 10 ಎಥೆನಾಲ್ ಬೆರಕೆ ಆಗೋಗಿತ್ತು, ನೀವು ಹಾಕಿಸ್ತಿದ್ರಿ, ಗೊತ್ತಾಗ್ಲಿಲ್ಲ ಅಷ್ಟೇ. ಹಂಗಾಗಿ ಉಳಿದ ಎರಡು ಕಿಲೋಮೀಟರ್‌ನ ಬೇರೆ ಕಡೆ ಹುಡುಕಿ, ಟೈರಲ್ಲಿ ಗಾಳಿ ಇದ್ಯಾ, ಏರ್ ಫಿಲ್ಟರ್ ಯಾವಾಗ ಬದ್ಲಾಯಿಸಿದ್ರಿ, ಸ್ಪಾರ್ಕ್ ಪ್ಲಗ್ ಹೆಂಗಿದೆ, ಇಷ್ಟು ವರ್ಷದಲ್ಲಿ ನಿಮ್ಮ ಆಫೀಸ್ ದಾರಿಯ ಟ್ರಾಫಿಕ್ ಎಷ್ಟು ಪಟ್ಟು ಆಗಿದೆ. ಡ್ಯಾಶ್‌ಬೋರ್ಡ್ ತೋರ್ಸೋ ನಂಬರ್ ನೆಚ್ಕೋಬೇಡಿ, ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಮೂರ್ನಾಲ್ಕು ಸಲ ಬರ್ದಿಟ್ಟು ಆಮೇಲೆ ಬೈಯೋರನ್ನ ಬೈಯಿರಿ.

ಪ್ರಶ್ನೆ: ಮಗ ಹೊರದೇಶದಲ್ಲಿದ್ದಾನೆ, ಅವನ 2010ರ ಕಾರು ಮನೆ ಶೆಡ್ಡಲ್ಲಿ ನಿಂತೇ ಇರ್ತದೆ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿದ್ರೆ ಹೆಚ್ಚು. ಇಲ್ಲಿ ಮಳೆಗಾಲ ನಿಮಗೆ ಗೊತ್ತೇ ಉಂಟಲ್ಲ. ಎಥೆನಾಲಿಂದ ಎಂಜಿನ್ ಹಾಳಾಗ್ತದಾ? (ಓದುಗರು, ಪುತ್ತೂರು)

ಉತ್ತರ: ಈ ಸಲ ಬಂದಿರೋ ಪತ್ರಗಳಲ್ಲಿ ನಿಜವಾಗ್ಲೂ ಹುಷಾರಾಗಿರ್ಬೇಕಾದವರು ಅಂದ್ರೆ ನೀವೇ. ದಿನಾ ಓಡೋ ಗಾಡಿಗೆ ಅಷ್ಟು ತಲೆ ಕೆಡಿಸ್ಕೋಬೇಕಿಲ್ಲ, ವಾರಕ್ಕೊಂದು ಟ್ಯಾಂಕ್ ಖಾಲಿ ಆಗಿ ಹೊಸದು ಬರ್ತಾ ಇರುತ್ತೆ. ನಿಂತ ಗಾಡಿ ಕತೆ ಬೇರೆ. ಎಥೆನಾಲ್‌ಗೆ ನೀರು ಅಂದ್ರೆ ಪ್ರಾಣ, ಗಾಳಿಲಿರೋ ತೇವನೂ ಎಳ್ಕೊಳ್ಳುತ್ತೆ. ಸ್ವಲ್ಪ ನೀರಾದ್ರೆ ತನ್ನೊಳಗೆ ಕರಗಿಸ್ಕೊಂಡು ಪೆಟ್ರೋಲ್ ಜೊತೆ ಸುಟ್ಟೋಗುತ್ತೆ, ತೊಂದ್ರೆ ಇಲ್ಲ. ಜಾಸ್ತಿ ಆಯ್ತೋ, ನೀರು ಎಥೆನಾಲ್ ಎರಡೂ ಕೈ ಕೈ ಹಿಡ್ಕೊಂಡು ಪೆಟ್ರೋಲ್ ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ಪಂಪ್ ಹೀರೋದು ತಳದಿಂದ್ಲೇ, ಮೊದ್ಲು ಎಂಜಿನ್ನಿಗೆ ಹೋಗೋದು ಆ ನೀರು ಬೆರೆತಿದ್ದೇ. ಸ್ಟಾರ್ಟೇ ಆಗಲ್ಲ, ಆದ್ರೂ ಗುಡುಗುಡು ಅಂತ ಆಫ್ ಆಗುತ್ತೆ, ಕಬ್ಬಿಣದ ಟ್ಯಾಂಕಾದ್ರೆ ತುಕ್ಕು ಬೇರೆ. ಟ್ಯಾಂಕ್ ಪೂರ್ತಿ ತುಂಬಿಸಿಟ್ರೆ ಒಳಗೆ ತೇವದ ಗಾಳಿಗೆ ಜಾಗ ಇರಲ್ಲ. ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡೋದ್ರಿಂದ ಏನೂ ಉಪಯೋಗ ಇಲ್ಲ, ಹದಿನೈದು ದಿನಕ್ಕೊಮ್ಮೆ ಪೇಟೆವರೆಗಾದ್ರೂ ಓಡಿಸಿ, ಹಳೇದು ಖರ್ಚಾಗಿ ಹೊಸ ಪೆಟ್ರೋಲ್ ಬೀಳ್ಲಿ.

ಇನ್ನೊಂದು ವಿಷ್ಯ, ರಬ್ಬರು. ಇ20 ತಾಳೋ ಪೈಪು, ಗ್ಯಾಸ್ಕೆಟ್ಟು ಕಡ್ಡಾಯ ಬಂದಿದ್ದು 2023ರ ಏಪ್ರಿಲ್ ನಂತರದ ಗಾಡಿಗಳಿಗೆ. ಅದಕ್ಕೂ ಹಳೇ ಗಾಡಿಲಿ ರಬ್ಬರ್ ಉಬ್ಬಬಹುದು, ಬಿರುಕು ಬಿಡಬಹುದು. ನನ್ನ ಹಳೇ ಸ್ಕೂಟರಿನ ಪೆಟ್ರೋಲ್ ಪೈಪ್ ಮುಟ್ಟಿದ್ರೆ ಬೆಲ್ಲದ ಪಾಕದ ಹಂಗೆ ಅಂಟ್ತಿತ್ತು, ಮೆಕ್ಯಾನಿಕ್ಕು ನಕ್ಕೊಂಡು ಹೊಸದು ಹಾಕಿ ಕೊಟ್ಟ, ಇನ್ನೂರು ರೂಪಾಯಿ ಒಳಗೇ ಮುಗೀತು. ದುಡ್ಡಿನ ಪ್ರಶ್ನೆ ಅಲ್ಲ ಇದು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿ. ಶೆಡ್ಡಲ್ಲಿ ಪೆಟ್ರೋಲ್ ವಾಸ್ನೆ ಬಂದ್ರೆ ಆವತ್ತೇ ತೋರಿಸಿ.

ಪ್ರಶ್ನೆ: ಹೊಸ ಕಾರ್ ತಗೊಂಡಿದೀನಿ. ಎಥೆನಾಲಿಂದ ಒಳ್ಳೇದು ಅನ್ನೋದು ಏನಾದ್ರೂ ಇದ್ಯಾ, ಬರೀ ಕೆಟ್ಟದ್ದೇನಾ? (ಓದುಗರು, ಶಿವಮೊಗ್ಗ)

ಉತ್ತರ: ಇದೆ. ಆಕ್ಟೇನ್ ಅಂದ್ರೆ ಎಂಜಿನ್ ಒತ್ತಡದಲ್ಲಿ ಇಂಧನ ಹೊತ್ತಿಗೆ ಮುಂಚೆ ಹೊತ್ಕೊಳ್ದೆ ತಾಳೋದರ ಅಳತೆ. ಎಥೆನಾಲಿನ ಆಕ್ಟೇನ್ 108ರ ಆಸುಪಾಸು, ಅದು ಬೆರೆತು ನಮ್ಮ 91 ಆಕ್ಟೇನ್ ಪೆಟ್ರೋಲು 95ಕ್ಕೆ ಏರಿದೆ. ಘಾಟಿ ಹತ್ತೋವಾಗ ಟಕಟಕ ಅನ್ನೋ ನಾಕಿಂಗ್ ಕಮ್ಮಿ. ಹೊಗೆಲಿ ಕಾರ್ಬನ್ ಮಾನಾಕ್ಸೈಡೂ ಇಳಿಯುತ್ತೆ.

ಪ್ರಶ್ನೆ: ನಾವು ಕಬ್ಬು ಬೆಳೆಯೋರ್ರಿ. ನಮ್ ಕಬ್ಬಿನ ಎಥೆನಾಲ್ ಮ್ಯಾಲೆ ದೇಶ ಓಡಾಕತ್ತೈತಿ ಅಂತ ಟೀವ್ಯಾಗ ಹೇಳ್ತಾರ. ಮತ್ತ ನಮಗೇನ್ ಬಂತು ಅದ್ರಾಗ? (ಓದುಗರು, ಮುಧೋಳ ತಾಲ್ಲೂಕು)

ಉತ್ತರ: ಅಣ್ಣಾರೆ, ನಿಮ್ಮ ಪ್ರಶ್ನೆಗೆ ಉತ್ತರ ಸಿಗದೇ ಇದ್ದಿದ್ದಕ್ಕೇ ಅಲ್ವಾ 2025ರ ನವೆಂಬರಲ್ಲಿ ಬೆಳಗಾವಿ ಜಿಲ್ಲೆ ಗುರ್ಲಾಪುರ ಕ್ರಾಸಲ್ಲಿ ರೈತರು ರಸ್ತೆ ಮೇಲೆ ಕೂತಿದ್ದು. ಕಟಾವು, ಸಾಗಣೆ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿದ್ರು, 3,300ಕ್ಕೆ ಮುಗೀತು. ಒಂದ್ ಲೆಕ್ಕ ಹಾಕಣ. ಒಂದು ಟನ್ ಕಬ್ಬಿನ ಹಾಲಿಂದ ನೇರ ಎಥೆನಾಲ್ ಮಾಡಿದ್ರೆ ಸುಮಾರು 70 ಲೀಟರ್ ಬರುತ್ತೆ, ಪೆಟ್ರೋಲ್ ಕಂಪ್ನಿಗಳು ಅದಕ್ಕೆ ಲೀಟರಿಗೆ 65.61 ರೂಪಾಯಿ ಕೊಡ್ತವೆ, ಅಲ್ಲಿಗೆ 4,590 ಆಯ್ತು. ಮೇಲೆ ಸಿಪ್ಪೆ ಸುಟ್ಟು ಕರೆಂಟ್ ಬೇರೆ. ಇದನ್ನ ನೋಡಿದ್ರೆ ರೈತನ ಹೊಟ್ಟೆ ಉರಿಯೋದು ಸಹಜ. ಫ್ಯಾಕ್ಟರಿಯೋರು ಹೇಳೋದೂ ಒಂದಿದೆ, ಕೇಂದ್ರ ಸರ್ಕಾರ ಗೊತ್ತು ಮಾಡೋ ಕಬ್ಬಿನ ದರ 2022-23ರಲ್ಲಿ ಕ್ವಿಂಟಲಿಗೆ 305 ಇದ್ದಿದ್ದು 2025-26ಕ್ಕೆ 355 ಆಯ್ತು, ಆದ್ರೆ ಆ 65.61 ಮಾತ್ರ ಅಲ್ಲೇ ನಿಂತಿದೆ ಅಂತ. ಅದೂ ಸುಳ್ಳಲ್ಲ. ಮೆಕ್ಕೆಜೋಳದ ಎಥೆನಾಲ್‌ಗೆ 71.86 ಕೊಡ್ತಾರೆ, ಹಂಗಾಗಿ ಇತ್ತೀಚೆಗೆ ದೇಶದಲ್ಲಿ ಕಬ್ಬಿಗಿಂತ ಧಾನ್ಯದ್ದೇ ಪಾಲು ಜಾಸ್ತಿ ಆಗಿದೆ. ಆದ್ರೆ ತಮಾಷೆ ನೋಡಿ, ಹಾವೇರಿ, ದಾವಣಗೆರೆ ಕಡೆಯ ಗೋವಿನಜೋಳದೋರು ಸುಖವಾಗಿದಾರಾ ಅಂದ್ರೆ ಅದೂ ಇಲ್ಲ, ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇದ್ರೂ ಮಾರ್ಕೆಟ್ಟಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರ್ಕೊಂಡ್ರು ಅದೇ ನವೆಂಬರಲ್ಲಿ. ಎಥೆನಾಲಿನ ದುಡ್ಡು ಹೊಲಕ್ಕಿಂತ ಮೊದ್ಲು ಡಿಸ್ಟಿಲರಿಲಿ ಇಳಿಯುತ್ತೆ, ಅಲ್ಲಿಂದ ನಿಮ್ಮ ಕಡೆ ಎಷ್ಟು ಹರಿಯುತ್ತೆ ಅನ್ನೋದನ್ನ ಯಾರೂ ಕಾಗದದ ಮೇಲೆ ಬರ್ದು ಕೊಟ್ಟಿಲ್ಲ. ನೀರಿನ ಮಾತೂ ಇದೆ. ಒಂದು ಲೀಟರ್ ಕಬ್ಬಿನ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು, ಇದೂ ನೀತಿ ಆಯೋಗದ್ದೇ ಲೆಕ್ಕ. ಘಟಪ್ರಭೆ ದಂಡೆಲಿರೋರು ನೀವು, ಬೇಸಿಗೆಲಿ ಅದರ ಕತೆ ಏನು ಅಂತ ನಾನು ಹೇಳ್ಬೇಕಾ.

ಪ್ರಶ್ನೆ: ಪೆಟ್ರೋಲ್ ಜೊತೆ ಬೇರೆ ಏನೋ ಬೆರೆಸಿ ಪೆಟ್ರೋಲ್ ರೇಟೇ ತಗೋತಾರಲ್ಲ, ಹಾಲಿಗೆ ನೀರು ಹಾಕಿ ಮಾರಿದ ಹಂಗಲ್ವಾ? (ಗೃಹಿಣಿ, ಮೈಸೂರು)

ಉತ್ತರ: ಮೇಡಂ, ಹೋಲಿಕೆ ಜೋರಾಗಿದೆ, ಆದ್ರೆ ನೀರು ಪುಕ್ಕಟೆ, ಎಥೆನಾಲ್ ಅಲ್ಲ. 2025ರ ಜುಲೈ ಕೊನೆಗೆ ಸಾಗಾಣಿಕೆ, ಜಿಎಸ್‌ಟಿ ಎಲ್ಲಾ ಸೇರಿ ಎಥೆನಾಲಿನ ಸರಾಸರಿ ಖರೀದಿ ಬೆಲೆ ಲೀಟರಿಗೆ 71 ರೂಪಾಯಿ ಚಿಲ್ಲರೆ ಅಂತ ಪೆಟ್ರೋಲಿಯಂ ಸಚಿವಾಲಯನೇ ಹೇಳ್ತು, ತೆರಿಗೆ ಹಾಕೋ ಮುಂಚಿನ ಪೆಟ್ರೋಲಿಗಿಂತ ಅದು ದುಬಾರಿ. ಬೆರಕೆ ಮಾಡಿ ಕಂಪ್ನಿ ಉಳಿಸ್ತಿಲ್ಲ. ಲಾಭ ಇರೋದು ದೇಶಕ್ಕೆ, ಕಚ್ಚಾ ತೈಲ ಶೇ 85ಕ್ಕಿಂತ ಜಾಸ್ತಿ ಹೊರಗಿಂದ ತರೋರು ನಾವು, 2014-15ರಿಂದ ಇಲ್ಲಿವರೆಗೆ 1.4 ಲಕ್ಷ ಕೋಟಿ ರೂಪಾಯಿ ಮೀರಿ ವಿದೇಶಿ ವಿನಿಮಯ ಉಳೀತು ಅನ್ನೋದು ಸರ್ಕಾರದ ಲೆಕ್ಕ. ಸರಿ, ಉಳೀತು. ಆದ್ರೆ ಮೈಲೇಜ್ ಕಮ್ಮಿ ಆಗಿದ್ದು ನಿಮ್ಮ ಜೇಬಿಂದ. ಶಕ್ತಿ ಕಮ್ಮಿ ಇರೋದ್ರಿಂದ ಬೆರಕೆ ಪೆಟ್ರೋಲಿನ ರೇಟೂ ಕಮ್ಮಿ ಇರ್ಬೇಕು, ಆಗ್ಲೇ ಜನ ಒಪ್ತಾರೆ ಅಂತ ನೀತಿ ಆಯೋಗದ ಆ 2021ರ ವರದಿಲೇ ಬರ್ದಿದ್ರು, ಬೆರೆಸೋ ಭಾಗ ಮಾತ್ರ ಜಾರಿ ಆಯ್ತು, ರೇಟಿನ ಭಾಗ ಅಲ್ಲೇ ಉಳೀತು. ನನ್ನ ತಕರಾರು ಎಥೆನಾಲ್ ಮೇಲಲ್ಲ, ಇದರ ಮೇಲೆ. ಬ್ರೆಜಿಲಲ್ಲಿ 1975ರಿಂದ ಇದೇ ಕೆಲ್ಸ ಮಾಡ್ಕೊಂಡು ಬಂದಿದಾರೆ, 2025ರ ಆಗಸ್ಟಿಂದ ಅಲ್ಲಿ ಶೇ 30 ಬೆರಕೆ. ಆದ್ರೆ ಅಲ್ಲಿ ಬಂಕಲ್ಲಿ ಬೆರಕೆ ಪೆಟ್ರೋಲ್ ಒಂದ್ಕಡೆ, ಬರೀ ಎಥೆನಾಲ್ ಒಂದ್ಕಡೆ, ಎರಡೂ ಕುಡಿಯೋ ಫ್ಲೆಕ್ಸ್ ಫ್ಯೂಯೆಲ್ ಕಾರುಗಳು 2003ರಿಂದ ಇವೆ, ಎಥೆನಾಲ್ ರೇಟು ಪೆಟ್ರೋಲಿನ ಶೇ 70ಕ್ಕಿಂತ ಕೆಳಗಿದ್ರೆ ಅದನ್ನ ಹಾಕಿಸ್ತಾರೆ, ಇಲ್ದಿದ್ರೆ ಇಲ್ಲ. ಲೆಕ್ಕ ಗಿರಾಕಿ ಕೈಲಿದೆ. ನಮ್ಮಲ್ಲಿ ಬಂಕಿಗೆ ಹೋಗಿ ಇ10 ಕೊಡಪ್ಪಾ ಅಂದ್ರೆ ಹುಡುಗ ಮುಖ ನೋಡ್ತಾನೆ.

ಪ್ರಶ್ನೆ: ಪೆಟ್ರೋಲಿಗೆ ನೀರು ಹಾಕಿ ಅಲ್ಲಾಡಿಸಿದ್ರೆ ಎಥೆನಾಲ್ ಕೆಳಗೆ ಇಳಿಯುತ್ತೆ, ಮೇಲಿಂದು ಗಾಡಿಗೆ ಹಾಕ್ಬೋದು ಅಂತ ವಿಡಿಯೋ ನೋಡ್ದೆ. ಮನೇಲಿ ಟ್ರೈ ಮಾಡ್ಲಾ? (ಪಿಯುಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ಬೇಡ ಕಣಪ್ಪಾ. ಬಕೆಟ್ಟಲ್ಲಿ ಪೆಟ್ರೋಲ್ ಇಟ್ಕೊಂಡು ಅಲ್ಲಾಡಿಸೋ ಮನೇಲಿ ಎಲ್ಲೋ ಗ್ಯಾಸ್ ಒಲೆ ಉರೀತಿರುತ್ತೆ, ಆವಿಗೆ ಅಷ್ಟು ಸಾಕು. ಇಳಿಯೋದು ನಿಜ, ಆದ್ರೆ 95 ಆಕ್ಟೇನ್ ಬಂದಿದ್ದೇ ಆ ಎಥೆನಾಲಿಂದ, ಅದನ್ನ ತೆಗ್ದ ಮೇಲೆ ನಿಂಗೆ ಸಿಗೋದು ಆಕ್ಟೇನ್ ಬಿದ್ದಿರೋ, ನೀರಿನ ಹನಿ ಉಳ್ಕೊಂಡಿರೋ ಪೆಟ್ರೋಲು, ಅದನ್ನ ಹಾಕಿ ಅಪ್ಪನ ಬೈಕ್ ಎತ್ಕೊಂಡು ಸಿದ್ದಗಂಗೆ ಕಡೆ ಹೊರಟ್ರೆ ದಾರಿಲೇ ಟಕಟಕ ಶುರು.