ವಾಹನ ಪ್ರಶ್ನೋತ್ತರ: ಹಳೆಯ ಝೆನ್ ಕಾರನ್ನು ತಗ್ಗಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1998ರ ಮಾರುತಿ ಝೆನ್ ಕಾರನ್ನು ಈಗಲೂ ಓಡಿಸುತ್ತಿದ್ದೇನೆ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುತ್ತೇನೆ. ತಿರುವುಗಳಲ್ಲಿ ಕಾರು ಬಹಳ ವಾಲುತ್ತದೆ. ಸ್ಪ್ರಿಂಗುಗಳಲ್ಲಿ ಒಂದೂವರೆ ಸುತ್ತು ಕತ್ತರಿಸಿದರೆ ಕಾರು ತಗ್ಗಿ ನೋಟವೂ ಹಿಡಿತವೂ ಸುಧಾರಿಸುತ್ತವೆ, ಅರ್ಧ ದಿನದ ಕೆಲಸ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಲೇ?
— ಓದುಗರೊಬ್ಬರು, ಹಾಸನ

ಉತ್ತರ: ಕತ್ತರಿಸುವ ಮಾತು ಆಮೇಲಿರಲಿ, ಮೊದಲು ಅಳತೆ ಪಟ್ಟಿ ತೆಗೆದುಕೊಳ್ಳಿ. ಸಮತಟ್ಟಾದ ನೆಲದ ಮೇಲೆ ಕಾರನ್ನು ಖಾಲಿಯಾಗಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ಇಷ್ಟು ವರ್ಷ ಭಾರ ಹೊತ್ತ ಸ್ಪ್ರಿಂಗುಗಳು ಕುಸಿದಿರುವ ಸಂಭವವೇ ಹೆಚ್ಚು, ಅದೂ ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ಅಲ್ಲ. ಅಂದರೆ ನೀವು ಹಣ ಕೊಟ್ಟು ತಗ್ಗಿಸಬೇಕೆಂದಿರುವ ಕಾರು ತಾನಾಗಿಯೇ ಒಂದಿಷ್ಟು ತಗ್ಗಿರಬಹುದು. ವಾಲಾಟಕ್ಕೆ ಎತ್ತರಕ್ಕಿಂತ ಮುಖ್ಯ ಕಾರಣ ಸತ್ವ ಕಳೆದುಕೊಂಡ ಶಾಕ್ ಅಬ್ಸಾರ್ಬರುಗಳು ಮತ್ತು ಕೀಲುಗಳಲ್ಲಿ ಮೆತ್ತೆಯಂತಿರುವ, ಹರಿದ ರಬ್ಬರ್ ಬುಷ್‌ಗಳು ಎಂಬುದು ನನ್ನ ಬಲವಾದ ಅನುಮಾನ.

ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿದ ಉದ್ದನೆಯ ಸರಳು. ಕೆಲಸ ಮಾಡುವ ಸುತ್ತುಗಳು ಕಡಿಮೆಯಾದಷ್ಟೂ ಅದು ಬಿಗಿಯಾಗುತ್ತದೆ. ಆರು ಸುತ್ತುಗಳಲ್ಲಿ ಒಂದೂವರೆ ಹೋದರೆ ಉಳಿದದ್ದರ ಬಿಗಿ ಮೂರನೆಯ ಒಂದು ಭಾಗದಷ್ಟು ಏರುತ್ತದೆ. ಆದರೆ ಅದು ಪುಟಿಯುವುದನ್ನು ತಡೆಯಬೇಕಾದ ಶಾಕ್ ಅಬ್ಸಾರ್ಬರು ಹಳೆಯದೇ ಆಗಿರುವುದರಿಂದ, ಗುಂಡಿಯೊಂದನ್ನು ದಾಟಿದ ಬಳಿಕ ಕಾರು ಇನ್ನೂ ಎರಡು ಸಲ ಕುಪ್ಪಳಿಸುತ್ತದೆ. ತಿರುವಿನ ನಡುವೆ ಹೀಗಾದರೆ ಹಿಡಿತ ಹೆಚ್ಚುವುದಿಲ್ಲ, ತಪ್ಪುತ್ತದೆ. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ, ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗು ಸಡಿಲಗೊಂಡು ಸ್ಥಾನ ಬಿಡುವ ಅಪಾಯವೂ ಇದೆ. ಗ್ಯಾಸಿನಲ್ಲಿ ಕಾಯಿಸಿ ಕುಗ್ಗಿಸುವ ಇನ್ನೊಂದು ಪದ್ಧತಿಯಿದೆ. ಅದರಿಂದ ಉಕ್ಕಿನ ಹದವೇ ಕೆಡುತ್ತದೆ. ಯಾರಾದರೂ ಸೂಚಿಸಿದರೆ ಆ ಗ್ಯಾರೇಜನ್ನೇ ಬದಲಿಸಿ.

ಎತ್ತರ ಬದಲಾದರೆ ಸುತ್ತಲಿನ ಭಾಗಗಳ ಕೋನಗಳೂ ಬದಲಾಗುತ್ತವೆ. ಮುಂದಿನ ಚಕ್ರಗಳನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಮತ್ತು ಅವನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್‌ಗಳ ಓರೆ ಬದಲಾಗುವುದರಿಂದ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಳತೆ ತಪ್ಪಿ, ಟೈರಿನ ಒಂದು ಅಂಚು ಮಾತ್ರ ಬೇಗನೆ ಸವೆಯುತ್ತದೆ. ಹಿಂದಿನ ಗಟ್ಟಿ ಆಕ್ಸಲನ್ನು ಅಡ್ಡಲಾಗಿ ಹಿಡಿದಿರುವ ರಾಡ್ ಒಂದು ಕಡೆ ಆಕ್ಸಲಿಗೂ ಇನ್ನೊಂದು ಕಡೆ ಬಾಡಿಗೂ ಸೇರಿರುವುದರಿಂದ, ಕಾರು ತಗ್ಗಿದಾಗ ಆಕ್ಸಲ್ ಒಂದು ಬದಿಗೆ ಸ್ವಲ್ಪ ಸರಿಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ಜಾಗವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ನಮ್ಮ ರಸ್ತೆಗಳನ್ನೂ ನೆನಪಿನಲ್ಲಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ ಒಂದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರಿನ ಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಈ ವಿಷಯ ತಿಳಿದಂತಿಲ್ಲ. ನಾಲ್ಕು ಜನ ಕೂತಾಗ ಕಾರಿನ ತಳಕ್ಕೂ ನೆಲಕ್ಕೂ ನಡುವೆ ಉಳಿಯುವ ಎತ್ತರವೇ ನಿಮಗೆ ಲೆಕ್ಕಕ್ಕೆ ಬರುವ ಎತ್ತರ.

ಕಾನೂನಿನ ತೊಡಕೂ ಇದೆ. ವಾಹನದ ಮೂಲ ವಿನ್ಯಾಸವನ್ನು ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಗ್ಗೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕಟ್ಟುನಿಟ್ಟಿನ ವ್ಯಾಖ್ಯಾನ ನೀಡಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಹದಿನೈದು ವರ್ಷ ದಾಟಿದ ನಿಮ್ಮ ಕಾರು ನೋಂದಣಿ ನವೀಕರಣಕ್ಕಾಗಿ ಐದು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಲೇಬೇಕು. ಕತ್ತರಿಸಿದ ಸ್ಪ್ರಿಂಗಿನೊಂದಿಗೆ ಅಲ್ಲಿ ನಿಲ್ಲುವುದು ಜಾಣತನವಲ್ಲ.

ಆದ್ದರಿಂದ ನಾಲ್ಕೂ ಕಡೆ ಕಂಪನಿಯ ಅಳತೆಯ ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಮುಂದಿನ ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಾಡಿಗೆ ಹಿಡಿದಿಡುವ ಭಾಗ) ಮತ್ತು ಬುಷ್‌ಗಳನ್ನು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಘಾಟಿಯಲ್ಲಿ ಒಂದು ತಿಂಗಳು ಓಡಿಸಿ ನೋಡಿ. ಕಾರು ಈಗಿರುವುದಕ್ಕಿಂತ ಮೇಲೆದ್ದು ನಿಂತೂ ಕಡಿಮೆ ವಾಲಿದರೆ ಅಚ್ಚರಿಪಡಬೇಡಿ.

ಪ್ರಶ್ನೆ: ನನ್ನ ಹಳೆಯ ಮಾರುತಿ 800 ಕಾರಿಗೆ ಲೋಯರ್ ಆರ್ಮ್ ಬುಷ್‌ಗಳನ್ನು ಹೊಸದಾಗಿ ಹಾಕಿಸಿದೆ. ಆರೇ ತಿಂಗಳಲ್ಲಿ ರಬ್ಬರ್ ಹರಿದು ಕಟಕಟ ಸದ್ದು ಮರಳಿದೆ. ನಕಲಿ ಮಾಲಿರಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇರಬಹುದು, ಆದರೆ ಜೋಡಿಸಿದ ರೀತಿಯನ್ನೂ ವಿಚಾರಿಸಿ. ಇಂಥ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿ ಇರುತ್ತದೆ, ಬೇಗನೆ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಿಸಿ. ಹಾಸನದ ಓದುಗರೂ ತಮ್ಮ ಮೆಕ್ಯಾನಿಕ್‌ಗೆ ಇದನ್ನೇ ಹೇಳಲಿ.