ಹೊಸ ಮನೆಗೆ ಕ್ಯಾಮೆರಾ ಬೆಲ್: ಪ್ಲಾಸ್ಟರಿಂಗ್‌ಗೆ ಮುಂಚೆ ಯಾವ ಪೈಪ್, ಯಾವ ಕೇಬಲ್?

ಪ್ರಶ್ನೆ: ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪೂರ್ವದ ಬಾಗಿಲು. ತಾರಸಿ ಆಗಿದೆ, ಮುಂದಿನ ತಿಂಗಳು ಪ್ಲಾಸ್ಟರಿಂಗ್. ಕ್ಯಾಮೆರಾ ಇರುವ ಡೋರ್‌ಬೆಲ್ ಹಾಕಿಸುವ ಆಸೆ. ಎಲೆಕ್ಟ್ರಿಷಿಯನ್ ಕೇಳಿದರೆ "ಬೆಲ್ ವೈರ್ ಎಳೆದಿದ್ದೀನಿ ಸಾರ್, ಮಿಕ್ಕಿದ್ದು ವೈಫೈಲಿ ಆಗುತ್ತೆ" ಅನ್ನುತ್ತಾರೆ. ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದಲೇ ಒಂದು ವೈರ್ಡ್ ಬೆಲ್ ತರುತ್ತೇನೆ ಅಂದಿದ್ದಾರೆ. ನೆಟ್‌ವರ್ಕ್ ಕೇಬಲ್ ಎಳೆಸಿಡಬೇಕಾ? ರೂಟರ್ ಮೊದಲನೇ ಮಹಡಿಯಲ್ಲಿ ಬರುತ್ತದೆ.

ಉತ್ತರ: ಖಂಡಿತ ಎಳೆಸಿ. ಪ್ಲಾಸ್ಟರಿಂಗ್ ಆಗಿಲ್ಲ ಅನ್ನುವುದೇ ನಿಮ್ಮ ಅದೃಷ್ಟ.

ಮೊದಲು ಅಣ್ಣನಿಗೆ ಫೋನ್ ಮಾಡಿ, ಸದ್ಯಕ್ಕೆ ತರುವುದು ಬೇಡ ಅನ್ನಿ. ಅಲ್ಲಿನ ಮನೆಗಳಲ್ಲಿ ಬೆಲ್‌ಗೆ ಅಂತಲೇ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಬೆಲ್ಲಿಗೆ ಹೋಗುವುದು 16ರಿಂದ 24 ವೋಲ್ಟ್ ಮಾತ್ರ. ನಮ್ಮಲ್ಲಿ ಬೆಲ್ ಸ್ವಿಚ್ಚಿಗೆ ನೇರವಾಗಿ 230 ವೋಲ್ಟ್ ಬರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಎಳೆದಿರುವುದೂ ಅದೇ ವೈರ್. ಅದಕ್ಕೆ ಆ ಬೆಲ್ ಜೋಡಿಸಿದರೆ ಸುಟ್ಟುಹೋಗುತ್ತದೆ, ಒತ್ತಲು ಬಂದವರಿಗೆ ಶಾಕ್ ಹೊಡೆದರೂ ಆಶ್ಚರ್ಯವಿಲ್ಲ. ಇನ್ನೊಂದು ವಿಷಯ: ವೈರ್ಡ್ ಅಂತ ಮಾರುವ ಬೆಲ್‌ಗಳಲ್ಲಿ ಬಹಳಷ್ಟು ವೈರಿನಿಂದ ಕರೆಂಟ್ ಮಾತ್ರ ತೆಗೆದುಕೊಳ್ಳುತ್ತವೆ. ಚಿತ್ರ, ಮಾತು ಎಲ್ಲ ವೈಫೈ ಮೇಲೇ. ನಿಮ್ಮ ರೂಟರ್ ಮೇಲಿನ ಮಹಡಿಯಲ್ಲಿ, ಬೆಲ್ ಕೆಳಗೆ ಹೊರಗಡೆ. ನಡುವೆ ಒಂದು ಕಾಂಕ್ರೀಟ್ ಸ್ಲ್ಯಾಬ್, ಒಂದೆರಡು ಗೋಡೆ, ಕಬ್ಬಿಣದ ಗ್ರಿಲ್ ಬಾಗಿಲು. ಬಂದವರು ಗೇಟು ದಾಟಿ ಹೋದ ಮೇಲೆ ಫೋನಿನಲ್ಲಿ ಅವರ ಮುಖ ಬಂದರೆ ಏನು ಪ್ರಯೋಜನ?

ನಿಮಗೆ ಬೇಕಾದದ್ದು ಪಿಒಇ (ಪವರ್ ಓವರ್ ಈಥರ್ನೆಟ್) ಬೆಲ್. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ರೂಟರ್ ಪಕ್ಕ ಒಂದು ಪಿಒಇ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನು ಚುಚ್ಚುವ ಡಬ್ಬ, ಇಟ್ಟರೆ ಸಾಕು. ಸ್ವಿಚ್ ಮತ್ತು ಬೆಲ್ ಎರಡರ ಡಬ್ಬದ ಮೇಲೂ 802.3ಎಎಫ್ ಅಂತ ಬರೆದಿದೆಯಾ ನೋಡಿ. ಇದು 2003ರ ಸ್ಟ್ಯಾಂಡರ್ಡ್, ಒಂದು ಪೋರ್ಟಿಗೆ 15.4 ವ್ಯಾಟ್ ವರೆಗೆ ಕೊಡುತ್ತದೆ. ಸಾಮಾನ್ಯ ಬೆಲ್‌ಗೆ ಧಾರಾಳವಾಯಿತು. ಇಂಥ ಸ್ವಿಚ್ ಆ ಕಡೆ ಇರುವ ಸಾಧನ ಪಿಒಇಯದ್ದೇ ಅಂತ ಖಾತ್ರಿ ಮಾಡಿಕೊಂಡೇ ಕರೆಂಟ್ ಬಿಡುತ್ತದೆ. ಪ್ಯಾಸಿವ್ ಪಿಒಇ ಅನ್ನುವ ಅಗ್ಗದ ಅಡಾಪ್ಟರ್‌ಗಳು ಹಾಗಲ್ಲ, ಸುಮ್ನೆ ನೂಕುತ್ತವೆ. ಅದರ ಸಹವಾಸ ಬೇಡ. ರೂಟರ್, ಫೈಬರ್ ಡಬ್ಬ, ಸ್ವಿಚ್ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಕರೆಂಟ್ ಹೋದಾಗಲೂ ಬೆಲ್ ಕೆಲಸ ಮಾಡುತ್ತದೆ.

ಈಗ ಪೈಪ್. ಕೇಬಲ್‌ಗಿಂತ ಇದಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳಿ. ಬೆಲ್ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ, ಕೇಬಲ್ ಕೂಡ ಹಾಳಾಗಬಹುದು. ಪೈಪ್ ಸರಿಯಿದ್ದರೆ ಹೊಸದು ಎಳೆಯಬಹುದು, ಇಲ್ಲದಿದ್ದರೆ ಗೋಡೆ ಒಡೆಯಬೇಕು. 25 ಎಂಎಂ ಪಿವಿಸಿ ಪೈಪ್ ಹಾಕಿಸಿ. ಎಲೆಕ್ಟ್ರಿಷಿಯನ್ "ಕರೆಂಟ್ ಪೈಪಲ್ಲೇ ಜಾಗ ಇದೆ, ಅದರಲ್ಲೇ ತೂರಿಸ್ತೀನಿ" ಅಂದರೆ ಒಪ್ಪಬೇಡಿ. 230 ವೋಲ್ಟ್ ವೈರ್ ಜೊತೆ ಇದು ಒಂದೇ ಪೈಪಿನಲ್ಲಿ ಇರಲೇಬಾರದು. ಎರಡೂ ಪೈಪ್ ಒಂದೇ ಗೋಡೆಯಲ್ಲಿ ಜೊತೆಯಾಗಿ ಹೋಗುವ ಕಡೆ ಸುಮಾರು ಒಂದಡಿ ಅಂತರ ಇರಲಿ. ತಿರುವಿನಲ್ಲಿ ಚಿಕ್ಕ ಎಲ್ಬೋ ಬೇಡ, ಉದ್ದದ ಬೆಂಡ್ ಹಾಕಿಸಿ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಲಿ. ಕೇಬಲ್ ಮಧ್ಯದಲ್ಲಿ ಎಲ್ಲೂ ಜಾಯಿಂಟ್ ಇರಬಾರದು.

ಕೇಬಲ್ ಕ್ಯಾಟ್ 6 ಸಾಕು. ಅಂಗಡಿಯವರು ಕ್ಯಾಟ್ 7 ತೋರಿಸಿದರೆ ನಕ್ಕು ಸುಮ್ಮನಾಗಿ. ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ, ನಿಮ್ಮ ಸೈಟಿನಲ್ಲಿ ಅದರ ಅರ್ಧವೂ ಬೇಕಾಗುವುದಿಲ್ಲ. ಆದರೆ ಅಪ್ಪಟ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಕರೆಂಟ್ ಹರಿಸಿದರೆ ಜಾಸ್ತಿ ಬಿಸಿಯಾಗುತ್ತದೆ, ತಂತಿ ಬೇಗ ಮುರಿಯುತ್ತದೆ. ಅಂಗಡಿಯಲ್ಲೇ ಒಂದು ತುದಿ ಬಿಡಿಸಿ, ಬ್ಲೇಡಿನಿಂದ ತಂತಿಯನ್ನು ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ.

ಬೆಲ್ ಜಾಗವನ್ನು ನೀವೇ ನಿಂತು ಗುರುತು ಹಾಕಿಸಿ. ನೆಲದಿಂದ ಸುಮಾರು ನಾಲ್ಕಡಿ ಎತ್ತರ ಸರಿ. ಹೊರಕ್ಕೆ ತೆರೆಯುವ ಗ್ರಿಲ್ ಬಾಗಿಲು ಹಾಕಿಸುತ್ತೀರಿ ಅಲ್ವಾ? ಅದು ಪೂರ್ತಿ ತೆರೆದಾಗ ಯಾವ ಗೋಡೆಗೆ ಒರಗುತ್ತದೆ ನೋಡಿ, ಆ ಕಡೆ ಬೆಲ್ ಬೇಡ. ದಾರಂದಕ್ಕೆ ತೀರ ಅಂಟಿಸಿಯೂ ಬೇಡ, ಆಮೇಲೆ ಗ್ರಾನೈಟ್ ಪಟ್ಟಿ ಬಂದರೆ ಬಾಕ್ಸ್ ಅರ್ಧ ಮುಚ್ಚಿಹೋಗುತ್ತದೆ. ಪೂರ್ವದ ಬಾಗಿಲಿಗೆ ಇನ್ನೊಂದು ತಲೆನೋವಿದೆ. ಬೆಳಗಿನ ಬಿಸಿಲು ಲೆನ್ಸಿಗೇ ಹೊಡೆದು, ಹಾಲಿನವರು ಬಂದರೂ ಪೇಪರಿನವರು ಬಂದರೂ ಕಪ್ಪು ನೆರಳಿನ ಹಾಗೆ ಕಾಣುತ್ತಾರೆ. ಡಬ್ಲ್ಯುಡಿಆರ್ (ಬಿಸಿಲು, ನೆರಳು ಎರಡನ್ನೂ ಸರಿದೂಗಿಸಿ ಮುಖ ಕಾಣಿಸುವ ಸೌಲಭ್ಯ) ಇರುವ ಬೆಲ್ ತೆಗೆದುಕೊಳ್ಳಿ. ಸ್ವಲ್ಪ ಓರೆಯಾಗಿ ಕೂರಿಸುವ ಬೆಣೆ ಅದರ ಜೊತೆ ಬರುತ್ತದಾ ಅಂತಲೂ ಕೇಳಿ.

ಎಳೆದಿರುವ ಹಳೇ ಬೆಲ್ ವೈರ್ ಹಾಗೇ ಇರಲಿ, ಬೇರೆ ಬಾಕ್ಸಿನಲ್ಲಿ. ಕ್ಯಾಮೆರಾ ಬೆಲ್‌ಗಳಲ್ಲಿ ಎಷ್ಟೋ ಫೋನಿನಲ್ಲಿ ಮಾತ್ರ ಸದ್ದು ಮಾಡುತ್ತವೆ, ಅಥವಾ ಮನೆಯೊಳಗೆ ಸದ್ದು ಮಾಡಲು ಅವಕ್ಕೆ ಪ್ರತ್ಯೇಕ ಚೈಮ್ ಬೇಕಾಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಟ್ರಿಣ್ ಅನ್ನುವ ಬೆಲ್ಲೇ ಅವರಿಗೆ ಆಸರೆ. ಗೇಟಿನ ಕಂಬಕ್ಕೂ ನೆಲದಡಿಯಲ್ಲಿ ಒಂದು ಖಾಲಿ ಪೈಪ್ ಬಿಡಿ. ಮುಂದೆ ಬೆಲ್ ಅಲ್ಲಿಗೆ ಹೋದರೂ ಹೋಗಬಹುದು. ಆಗ ಔಟ್‌ಡೋರ್ ಕೇಬಲ್ ಹಾಕಿ. (ಬೀದಿ ಮಕ್ಕಳು ಒತ್ತಿ ಓಡುವುದಕ್ಕೆ ಮಾತ್ರ ಯಾವ ಕೇಬಲ್ಲೂ ಪರಿಹಾರವಲ್ಲ.)

ಯಾರೂ ಹೇಳದ ಒಂದು ಮಾತು. ಈ ಕೇಬಲ್‌ನ ಒಂದು ತುದಿ ನಿಮ್ಮ ಮನೆಯ ಹೊರಗಿರುತ್ತದೆ. ಬೆಲ್ ಬಿಚ್ಚಿ ಲ್ಯಾಪ್‌ಟಾಪ್ ಚುಚ್ಚಿದವರು ನಿಮ್ಮ ನೆಟ್‌ವರ್ಕ್ ಒಳಗೇ ಬಂದ ಹಾಗೆ. ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವ್ಯವಸ್ಥೆ) ಮಾಡಬಲ್ಲ ರೂಟರ್ ಮತ್ತು ಸ್ವಿಚ್ ಇದ್ದರೆ ಬೆಲ್ಲನ್ನು ಬೇರೆ ವಿಲ್ಯಾನ್‌ಗೆ ಹಾಕಿಸಿ. ಹೊರಗಿನ ಬೆಲ್ಲಿಗೇ ಎಲೆಕ್ಟ್ರಿಕ್ ಲಾಕ್ ವೈರ್ ಕೊಡಿಸಬೇಡಿ, ಬೆಲ್ ಕಿತ್ತವರು ಅದೇ ವೈರ್ ಸೇರಿಸಿ ಬಾಗಿಲು ತೆಗೆದುಬಿಡಬಹುದು.

ಕೇಬಲ್ ಎಳೆಯುವುದು ಪ್ಲಾಸ್ಟರಿಂಗ್ ಆದ ಮೇಲೆ, ಪೇಂಟಿಂಗ್‌ಗೆ ಮುಂಚೆ. ಅಲ್ಲಿಯವರೆಗೆ ಬಾಕ್ಸಿಗೆ ಪೇಪರ್ ತುರುಕಿ ಟೇಪ್ ಸುತ್ತಿಸಿ, ಇಲ್ಲದಿದ್ದರೆ ಗಾರೆಯವರು ಸಿಮೆಂಟ್ ತುಂಬಿಬಿಡುತ್ತಾರೆ. ಎಳೆದ ಮೇಲೆ ಬೆಲ್ ಕಡೆ ಒಂದಡಿ, ರೂಟರ್ ಕಡೆ ಎರಡು ಮೀಟರ್ ಹೆಚ್ಚುವರಿ ಬಿಡಿಸಿ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಬೇಕು. ಟೆಸ್ಟರ್ ಹಾಕಿಸಿ, ಒಂದರಿಂದ ಎಂಟರವರೆಗೆ ದೀಪ ಕ್ರಮವಾಗಿ ಹತ್ತಿದ್ದನ್ನು ನೋಡಿದ ಮೇಲೇ ಎಲೆಕ್ಟ್ರಿಷಿಯನ್‌ಗೆ ಬಾಕಿ ಹಣ ಕೊಡಿ.